ಮಾಸಿದ ಅಕ್ಷರಗಳ ಮರುಲೇಖನ: ಹಳೆಯ ರೇಡಿಯೊ, ಸ್ಟೀರಿಯೊಗಳ ಮುಖಫಲಕ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ, ಅಟ್ಟದ ಮೇಲೋ ಕಪಾಟಿನ ನೆತ್ತಿಯ ಮೇಲೋ ಹಳೆಯ ರೇಡಿಯೊ ಒಂದು ಕುಳಿತಿರುವುದು ಅಪರೂಪವೇನಲ್ಲ. ಊರು ಬಿಟ್ಟು ಬಂದ ಹಿರಿಯರು ಸಂಬಳದಲ್ಲಿ ಉಳಿಸಿ ಕೊಂಡ ಮರ್ಫಿ, ಬುಷ್, ಫಿಲಿಪ್ಸ್, ನ್ಯಾಷನಲ್ ಎಕೊ ವಾಲ್ವ್ ಸೆಟ್ಟುಗಳು ಕೆಲವರಲ್ಲಿವೆ. ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ಗಲ್ಫ್ ದೇಶಗಳಿಗೆ ಹೋಗಿದ್ದ ಕರಾವಳಿಯ ಬಂಧುಗಳು ಹೊತ್ತು ತಂದ ಜಪಾನಿ ರಿಸೀವರುಗಳು, ಕ್ಯಾಸೆಟ್ ಡೆಕ್ಕುಗಳು ಇನ್ನು ಕೆಲವರಲ್ಲಿವೆ. ಇವುಗಳ ಒಳಗಿನ ಕೆಲಸ ಬಲ್ಲ ರಿಪೇರಿಯವರು ಹುಡುಕಿದರೆ ಇಂದಿಗೂ ಸಿಗುತ್ತಾರೆ. ಕೆಟ್ಟ ಕಂಡೆನ್ಸರನ್ನು ಬದಲಾಯಿಸಬಹುದು, ತುಂಡಾದ ಡಯಲ್ ದಾರವನ್ನು ಹೊಸದಾಗಿ ಕಟ್ಟಬಹುದು, ಸ್ಪೀಕರಿಗೆ ಹೊಸ ಕಾಗದದ ಕೋನ್ ಹಾಕಿಸಬಹುದು. ಆದರೆ ಮುಖಫಲಕದ ಮೇಲಿನ ಅಕ್ಷರಗಳು ಒಮ್ಮೆ ಅಳಿಸಿಹೋದರೆ ಅವು ಯಾವ ಅಂಗಡಿಯಲ್ಲಿಯೂ ಸಿಗುವ ಬಿಡಿಭಾಗಗಳಲ್ಲ. ಆ ಅಕ್ಷರಗಳನ್ನು ಉಳಿಸಿಕೊಳ್ಳುವುದು ಹೇಗೆ, ಹೋದವನ್ನು ಮತ್ತೆ ಬರೆಯುವುದು ಹೇಗೆ ಎಂಬುದನ್ನು ನಾವು ಕಂಡು ಮಾಡಿ ಅರಿತಷ್ಟು ಇಲ್ಲಿ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಈ ವಿದ್ಯೆಗೆ ನಾವು ಇಳಿದದ್ದು ಸ್ವಂತ ತಪ್ಪಿನಿಂದ. 1983ರ ಆಯುಧಪೂಜೆಯ ದಿನ, ಮಾಟುಂಗಾದಲ್ಲಿದ್ದ ನಮ್ಮ ದೊಡ್ಡಪ್ಪನವರ ಮನೆಯಲ್ಲಿ ರೇಡಿಯೊವನ್ನು ಶುಚಿಗೊಳಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಡಯಲಿನ ಗಾಜನ್ನು ಹೊರಗಿನಿಂದ ಎಷ್ಟು ಒರೆಸಿದರೂ ಮಂಕು ಹೋಗಲಿಲ್ಲ. ಹುಡುಗುತನದ ಉತ್ಸಾಹದಲ್ಲಿ ಗಾಜಿನ ಪಟ್ಟಿಯನ್ನು ಬಿಚ್ಚಿ ತೆಗೆದು ಅದರ ಹಿಂಬದಿಯನ್ನೂ ಒದ್ದೆ ಬಟ್ಟೆಯಿಂದ ಒರೆಸಿದೆವು. ಬಟ್ಟೆಯನ್ನು ಮಡಚಲು ಹೋದಾಗ ಊರುಗಳ ಹೆಸರುಗಳೂ ಅಂಕಿಗಳೂ ಗೆರೆಗಳೂ ಹಳದಿ ಪುಡಿಯಾಗಿ ಅದರ ಮೇಲೆ ಕುಳಿತಿದ್ದವು. ಗಾಜಿನ ಮುಕ್ಕಾಲು ಪಾಲು ಬರಿದಾಗಿತ್ತು. ದೊಡ್ಡಪ್ಪನವರು ಬೈಯಲಿಲ್ಲ. ಮರುದಿನ ರಾತ್ರಿ ಬಿಳಿ ಕಾಗದದ ಸಣ್ಣ ಪಟ್ಟಿಯೊಂದನ್ನು ಕತ್ತರಿಸಿ ಗಾಜಿನ ಮುಂಬದಿಯ ಕೆಳ ಅಂಚಿಗೆ ಅಂಟಿಸಿದರು. ಒಂದೊಂದೇ ನಿಲಯವನ್ನು ಕಿವಿಯಿಂದ ಹುಡುಕಿ, ಮುಳ್ಳು ನಿಂತಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ‘ಮುಂ’, ‘ಧಾ’, ‘ಸಿ’ ಎಂದು ಬರೆದುಕೊಂಡರು. ಮುಂಬಯಿ, ಧಾರವಾಡ, ಸಿಲೋನ್. ಸಿಲೋನ್ ಆಗಲೇ ಶ್ರೀಲಂಕಾ ಆಗಿ ಹನ್ನೊಂದು ವರ್ಷಗಳಾಗಿದ್ದರೂ ಕೇಳುಗರ ಬಾಯಲ್ಲಿ ಅದು ಸಿಲೋನ್ ಆಗಿಯೇ ಉಳಿದಿತ್ತು. ಅವರು ತೀರಿಕೊಂಡ ಮೇಲೆ ಆ ಪೆಟ್ಟಿಗೆ ನಮ್ಮಲ್ಲಿಗೆ ಬಂತು; ಬರಿದಾದ ಗಾಜಿನ ಹೊಣೆಯೂ ಅದರೊಂದಿಗೆ ಬಂತು.

ಫಲಕದ ಬರಹವನ್ನು ಅಲಂಕಾರವೆಂದು ಭಾವಿಸುವವರು ಇದ್ದಾರೆ. ರೇಡಿಯೊದ ಡಯಲ್ ಒಂದು ಅಳತೆಗೋಲು. ಅದರ ಮೇಲಿನ ಪ್ರತಿಯೊಂದು ಗೆರೆಗೂ ಅರ್ಥವಿದೆ. ಸ್ಟೀರಿಯೊಗಳ ಹಿಂಬದಿಯ ಬರಹವಂತೂ ಪ್ರಾಣಕ್ಕೂ ಹಣಕ್ಕೂ ಸಂಬಂಧಿಸಿದ್ದು. ಜಪಾನಿನ ಒಳಬಳಕೆಗೆ ತಯಾರಾದ ಸೆಟ್ಟುಗಳು 100 ವೋಲ್ಟಿನವು. ರಫ್ತಿಗೆ ತಯಾರಾದ ಅನೇಕ ಸೆಟ್ಟುಗಳಲ್ಲಿ 110, 120, 220, 240 ಎಂದು ಆರಿಸಿಕೊಳ್ಳುವ ಬಿರಡೆಯೊಂದು ಹಿಂಬದಿಯಲ್ಲಿರುತ್ತದೆ. ಆ ಅಂಕಿಗಳು ಅಳಿಸಿಹೋಗಿ, ಬಿರಡೆ 110ರ ಮನೆಯಲ್ಲಿದ್ದಾಗ ನಮ್ಮ 230 ವೋಲ್ಟಿನ ವಿದ್ಯುತ್ತನ್ನು ಕೊಟ್ಟರೆ, ಫ್ಯೂಸ್ ತಕ್ಷಣ ಹಾರಿದರೆ ಪುಣ್ಯ, ಇಲ್ಲವಾದರೆ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗುತ್ತದೆ. ನಾಟಕ, ತಾಳಮದ್ದಳೆಗಳಿಗೆಂದು ಸಂಘಗಳು ಇಟ್ಟುಕೊಂಡಿದ್ದ ಹಳೆಯ ಸಭಾ ಧ್ವನಿವರ್ಧಕಗಳ ಹಿಂಬದಿಯಲ್ಲಿ 4, 8, 16 ಓಮ್ ಹಾಗೂ 100 ವೋಲ್ಟ್ ಎಂಬ ತಂತಿಕಟ್ಟೆಗಳು ಸಾಲಾಗಿರುತ್ತವೆ. ಯಾವುದು ಯಾವುದೆಂದು ತಿಳಿಯದೆ ಸಾಮಾನ್ಯ ಸ್ಪೀಕರನ್ನು 100 ವೋಲ್ಟಿನ ಕಟ್ಟೆಗೆ ಸೇರಿಸಿದವರು ಕಾರ್ಯಕ್ರಮದ ಮಧ್ಯದಲ್ಲಿ ಸುಟ್ಟ ವಾಸನೆಯನ್ನು ಕಾಣಬೇಕಾಗುತ್ತದೆ. ಆದುದರಿಂದ ಮುಖದ ಅಂದಕ್ಕೆ ಮೊದಲು ಬೆನ್ನಿನ ಬರಹವನ್ನು ನೋಡಿಕೊಳ್ಳಿರೆಂಬುದು ನಮ್ಮ ಸಲಹೆ. ಅಲ್ಲಿ ಅಂದಚೆಂದದ ಪ್ರಶ್ನೆಯಿಲ್ಲ. ಅಂಕಿಗಳನ್ನು ಸರ್ಕ್ಯೂಟ್ ನಕ್ಷೆಯೊಡನೆ ತಾಳೆ ನೋಡಿ, ಅಳಿಯದ ಮಸಿಯಲ್ಲಿ ಸ್ಫುಟವಾಗಿ ಬರೆದ ಚೀಟಿ ಸಾಕು.

ಇನ್ನು ಮುಖಫಲಕದ ವಿಚಾರ. ಅಕ್ಷರಗಳನ್ನು ಯಾವ ಬಗೆಯಲ್ಲಿ ಮೂಡಿಸಿದ್ದರು ಎಂಬುದು ತಿಳಿಯದೆ ಅದರ ಮೇಲೆ ಕೈಯಿಡಬಾರದು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂತಹ ಹತ್ತು ಪಟ್ಟಿನ ಭೂತಗನ್ನಡಿ ಇದ್ದರೆ ಸಾಕು, ಅರ್ಧ ಕೆಲಸ ಆದಂತೆ. ಎಪ್ಪತ್ತರ ದಶಕದ ಬೆಳ್ಳಿಬಣ್ಣದ ಮರಾಂಟ್ಸ್, ಪಯೊನೀರ್, ಸಾನ್ಸುಯಿ ಮೊದಲಾದ ಸೆಟ್ಟುಗಳಲ್ಲಿ ಹೆಚ್ಚಾಗಿ ಕಾಣುವುದು ಸ್ಕ್ರೀನ್ ಪ್ರಿಂಟಿಂಗ್. ನಮ್ಮ ಲಗ್ನಪತ್ರಿಕೆಗಳನ್ನು ಮುದ್ರಿಸುವ ವಿಧಾನವೇ ಅದು: ಬಿಗಿದ ಜಾಲರಿ ಬಟ್ಟೆಯ ಮೂಲಕ ಮಸಿಯನ್ನು ಒತ್ತಿ ಇಳಿಸುವುದು. ಇಲ್ಲಿ ಅಕ್ಷರ ಲೋಹದ ಮೇಲೆ ತೆಳುವಾದ ಪದರವಾಗಿ ಕುಳಿತಿರುತ್ತದೆ. ಉಗುರಿನ ತುದಿಗೆ ಅತ್ಯಲ್ಪ ಉಬ್ಬು ತಿಳಿಯುತ್ತದೆ. ಎರಡನೆಯದು ಕೊರೆದು ಬಣ್ಣ ತುಂಬಿದ ಅಕ್ಷರ. ಇಲ್ಲಿ ಉಗುರು ಕೆಳಗಿಳಿಯುತ್ತದೆ. ಇಂಥದು ಕೈಗೆ ಸಿಕ್ಕರೆ ಸಂತೋಷಪಡಬೇಕು, ಏಕೆಂದರೆ ಬಣ್ಣ ಹೋದರೂ ಆಕಾರ ಉಳಿದಿರುತ್ತದೆ. ಮೂರನೆಯದರಲ್ಲಿ ಅಲ್ಯುಮಿನಿಯಮ್ಮಿನ ಮೇಲೆ ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ಬೆಳೆಸಿದ ಅನೊಡೈಸ್ ಪದರದ ಸೂಕ್ಷ್ಮ ರಂಧ್ರಗಳೊಳಗೇ ಬಣ್ಣವನ್ನು ಇಳಿಸಿ ಮುಚ್ಚಿಬಿಟ್ಟಿರುತ್ತಾರೆ. ಕೈಗೆ ಏನೂ ತಿಳಿಯದು, ಸಾಧಾರಣ ಬಳಕೆಯಲ್ಲಿ ಅದು ಸವೆಯುವುದೂ ಇಲ್ಲ. ನಾಲ್ಕನೆಯದು ಗಾಜಿನ ಹಿಂಬದಿಯ ಮುದ್ರಣ. ವಾಲ್ವ್ ರೇಡಿಯೊಗಳ ಡಯಲ್, ಅಮೆರಿಕದ ಮ್ಯಾಕಿಂಟಾಶ್ ಆಂಪ್ಲಿಫೈಯರುಗಳ ಬೆಳಗುವ ಮುಖ ಇವೆಲ್ಲ ಈ ಜಾತಿಯವು. ಇದರ ಕಥೆಯೇ ಬೇರೆ, ಮುಂದೆ ಹೇಳುತ್ತೇವೆ.

ಸವೆತಕ್ಕೆ ಕಾರಣ ಬೆರಳೆಂದು ಎಲ್ಲರೂ ತಿಳಿಯುತ್ತಾರೆ. ಬೆರಳಿನ ಬೆವರು, ಉಂಗುರ, ಉಗುರುಗಳ ಪಾಲು ಇದೆಯೆಂಬುದು ನಿಜ. ವಾಲ್ಯೂಮ್ ಗುಂಡಿಯ ಸುತ್ತಲಿನ ಅಂಕಿಗಳು ಮೊದಲು ಮಾಯುವುದು ಇದರಿಂದಲೇ. ಆದರೆ ನಾವು ಕಂಡ ಫಲಕಗಳಲ್ಲಿ ಹೆಚ್ಚಿನವು ಹಾಳಾದದ್ದು ಶುಚಿಗೊಳಿಸುವವರ ಕೈಯಲ್ಲಿ. ಕಿಟಕಿ ಗಾಜು ಒರೆಸುವ ಅಮೋನಿಯ ಬೆರೆತ ದ್ರಾವಣ, ಥಿನ್ನರ್, ನೇಲ್ ಪಾಲಿಷ್ ತೆಗೆಯುವ ಅಸಿಟೋನ್, ಅತಿ ನಯವಾದ ಮರಳುಕಾಗದದಂತೆ ಕೆಲಸ ಮಾಡುವ ಬಿಳಿ ಮೆಲಮೈನ್ ಸ್ಪಂಜು ಇವು ಕೊಳೆಯೊಡನೆ ಅಕ್ಷರವನ್ನೂ ಎತ್ತಿಬಿಡುತ್ತವೆ. ಹಬ್ಬದ ದಿನ ಹಚ್ಚಿದ ಅರಿಸಿನ ಕುಂಕುಮವನ್ನು ವರ್ಷವಿಡೀ ಬಿಟ್ಟು, ಮುಂದಿನ ಹಬ್ಬಕ್ಕೆ ಸೋಪಿನ ಪುಡಿಯಿಂದ ಉಜ್ಜುವ ಪದ್ಧತಿಯೂ ಒಳ್ಳೆಯದಲ್ಲ. ಅನೊಡೈಸ್ ಪದರಕ್ಕೆ ಕ್ಷಾರವಸ್ತುಗಳು ಶತ್ರುಗಳು. ಪೂಜೆ ಬೇಡವೆಂದು ನಾವು ಹೇಳುವುದಿಲ್ಲ. ಬೊಟ್ಟನ್ನು ಮರದ ಪೆಟ್ಟಿಗೆಯ ಬದಿಗೆ ಇಟ್ಟರೆ ದೇವರೇನೂ ಮುನಿಯಲಾರ. ಮುಂಬಯಿ, ಚೆನ್ನೈಗಳಂತಹ ಕಡಲ ತೀರದ ನಗರಗಳಲ್ಲಿ ಉಪ್ಪು ತುಂಬಿದ ಗಾಳಿ ಅಲ್ಯುಮಿನಿಯಮ್ಮಿನಲ್ಲಿ ಸೂಜಿಮೊನೆಯಷ್ಟು ಕುಳಿಗಳನ್ನು ಮಾಡುವುದೂ ಉಂಟು. ಅದಕ್ಕೆ ಗಾಳಿಯಾಡುವ ಒಣ ಸ್ಥಳವನ್ನು ಬಿಟ್ಟರೆ ಮದ್ದಿಲ್ಲ.

ಕೆಲಸ ಪ್ರಾರಂಭಿಸುವ ಮುನ್ನ ಪ್ಲಗ್ ಕಿತ್ತಿಡಬೇಕೆಂದು ಹೇಳಬೇಕಾಗಿಲ್ಲ. ಆದರೆ ಪ್ಲಗ್ ಕಿತ್ತರೂ ವಾಲ್ವ್ ಸೆಟ್ಟಿನ ದೊಡ್ಡ ಕಂಡೆನ್ಸರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರಬಹುದು. ಎ.ಸಿ. ಹಾಗೂ ಡಿ.ಸಿ. ಎರಡಕ್ಕೂ ಹೊಂದುವಂತೆ ಮಾಡಿದ ಹಳೆಯ ಸೆಟ್ಟುಗಳಲ್ಲಂತೂ ಲೋಹದ ಚಾಸಿಸ್ ಮನೆಯ ವಿದ್ಯುತ್ ತಂತಿಗೆ ನೇರವಾಗಿ ತಗುಲಿರುತ್ತದೆ. ಫಲಕವನ್ನು ಬಿಚ್ಚುವ ಕೆಲಸವನ್ನು ಬಲ್ಲವರಿಂದ ಮಾಡಿಸಿಕೊಂಡು, ಬಿಚ್ಚಿದ ಫಲಕವನ್ನಷ್ಟೇ ಮನೆಗೆ ತರುವುದು ಜಾಣತನ.

ಬಿಚ್ಚಿದ ಮೇಲಿನ ಮೊದಲ ಕೆಲಸ ದಾಖಲೆ. ಇದನ್ನು ಬಿಟ್ಟು ಮುಂದೆ ಹೋದವರೆಲ್ಲ ಪಶ್ಚಾತ್ತಾಪ ಪಟ್ಟಿದ್ದಾರೆ. ಇರುವ ಅಕ್ಷರಗಳು ಎಷ್ಟೇ ಮಸುಕಾಗಿರಲಿ, ಅವುಗಳ ಪಕ್ಕದಲ್ಲಿ ಉಕ್ಕಿನ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಬೇಕು. ಮೊಬೈಲನ್ನು ಹತ್ತಿರ ಹಿಡಿದರೆ ಅಂಚುಗಳು ಬಾಗುತ್ತವೆ. ದೂರ ನಿಂತು ಜೂಮ್ ಮಾಡಿದರೆ ನೇರವಾಗಿ ಬರುತ್ತವೆ. ಫಲಕ ಚಿಕ್ಕದಾಗಿದ್ದರೆ ಕಚೇರಿಯ ಸ್ಕ್ಯಾನರಿನ ಮೇಲೆ 600 ಡಿಪಿಐನಲ್ಲಿ ಎರಡು ಮೂರು ಭಾಗಗಳಾಗಿ ಸ್ಕ್ಯಾನ್ ಮಾಡುವುದು ಇನ್ನೂ ಉತ್ತಮ. ಪೂರ್ತಿ ಅಳಿದಂತೆ ಕಂಡ ಅಕ್ಷರವೂ ಓರೆಯಾಗಿ ಬೆಳಕು ಬಿಟ್ಟಾಗ ನೆರಳಿನಂತೆ ತೋರುವುದುಂಟು: ಮಸಿ ಹೋಗಿದ್ದರೂ ಅದರ ಕೆಳಗಿದ್ದ ಲೋಹ ಉಳಿದ ಭಾಗದಷ್ಟು ಮಾಸಿರುವುದಿಲ್ಲ. ಗುಂಡಿಗಳನ್ನು ತೆಗೆದಾಗ ಅವುಗಳ ಅಡಿಯಲ್ಲಿ ಫಲಕದ ಮೂಲ ಬಣ್ಣ ಹಾಗೆಯೇ ಇರುತ್ತದೆ. ಬಣ್ಣ ಹೊಂದಿಸುವಾಗ ನಂಬಬೇಕಾದುದು ಅದನ್ನೇ ಹೊರತು ನೆನಪನ್ನಲ್ಲ.

ಶುಚಿ ಮಾಡುವಾಗ ಕಾಣದ ಮೂಲೆಯೊಂದನ್ನು ಆರಿಸಿಕೊಂಡು, ಹತ್ತಿ ಸುತ್ತಿದ ಕಡ್ಡಿಯನ್ನು ಬ್ಯಾಟರಿಗೆ ಹಾಕುವ ಶುದ್ಧನೀರಿನಲ್ಲಿ ಅದ್ದಿ ಹಿಂಡಿ ಒತ್ತಿ ನೋಡಬೇಕು. ಹತ್ತಿಗೆ ಬಣ್ಣ ಹತ್ತದಿದ್ದರೆ ಎರಡು ಹನಿ ಸೌಮ್ಯ ಸೋಪನ್ನು ನೀರಿಗೆ ಬೆರೆಸಿ ಮುಂದುವರಿಯಬಹುದು. ಬ್ರಷ್ ಮಾಡಿದ ಅಲ್ಯುಮಿನಿಯಮ್ಮಿನಲ್ಲಿ ಕೂದಲೆಳೆಯಂತಹ ಗೆರೆಗಳು ಅಡ್ಡಡ್ಡಲಾಗಿ ಓಡುತ್ತವೆ. ಒರೆಸುವುದೂ ಅದೇ ದಿಕ್ಕಿನಲ್ಲಿ. ಗೀರು ಹೋಗಲೆಂದು ಮರಳುಕಾಗದ ಹಿಡಿಯುವವರಿಗೆ ಒಂದು ಮಾತು: ಅನೊಡೈಸ್ ಪದರ ಕೂದಲಿಗಿಂತಲೂ ತೆಳುವಾದುದು. ಅದನ್ನು ತೆಗೆದರೆ ಫಲಕಕ್ಕೆ ಆ ಮೃದುವಾದ ಕಾಂತಿ ಮತ್ತೆ ಬರುವುದಿಲ್ಲ.

ಕೊರೆದ ಅಕ್ಷರಗಳ ಉಪಚಾರ ಸುಲಭವೂ ಸಂತೋಷದಾಯಕವೂ ಆದುದು. ಕುಳಿಯೊಳಗಿನ ಹಳೆಯ ಕೊಳೆಯನ್ನು ಹಲ್ಲುಕಡ್ಡಿಯಿಂದ ಬಿಡಿಸಿ, ಎನಾಮೆಲ್ ಬಣ್ಣವನ್ನು ಸೂಜಿಯ ಮೊನೆಯಿಂದಲೋ ಸಣ್ಣ ಕುಂಚದಿಂದಲೋ ತುಂಬಬೇಕು. ಅಂಚು ಮೀರಿ ಹರಡಿದರೂ ಚಿಂತೆಯಿಲ್ಲ. ಬಣ್ಣ ಅರೆ ಒಣಗಿದಾಗ ಗಟ್ಟಿ ರಟ್ಟಿನ ತುಂಡಿಗೆ ತೆಳು ಹತ್ತಿಬಟ್ಟೆ ಸುತ್ತಿ, ಟರ್ಪೆಂಟೈನಿನ ಪಸೆಯಷ್ಟೇ ಹಚ್ಚಿ, ಅಕ್ಷರಕ್ಕೆ ಅಡ್ಡಲಾಗಿ ಒಂದೇ ಸಲ ಎಳೆದರೆ ಮೇಲಿನ ಬಣ್ಣ ಹೋಗಿ ಕುಳಿಯದು ಉಳಿಯುತ್ತದೆ. ಮೆತ್ತಗಿನ ಬಟ್ಟೆಯನ್ನು ಬೆರಳಿನಿಂದ ಒತ್ತಿದರೆ ಅದು ಕುಳಿಯೊಳಗಿಳಿದು ಬಣ್ಣವನ್ನೂ ಎಳೆದು ತರುತ್ತದೆ. ಹೊಸಬರ ತಪ್ಪು ಇಲ್ಲೇ. ಇದಕ್ಕೆಂದೇ ತಯಾರಾದ ಮೇಣಬಣ್ಣದ ಕಡ್ಡಿಗಳು ವಿದೇಶದಲ್ಲಿ ಸಿಗುತ್ತವೆ. ಕೆಲವರು ಮಕ್ಕಳ ಮೇಣದ ಬಳಪವನ್ನೇ ಉಜ್ಜುತ್ತಾರೆ. ನೋಡಲು ಚೆನ್ನ, ಆದರೆ ಬಿಸಿಯಾಗುವ ಆಂಪ್ಲಿಫೈಯರಿಗೆ ಅದು ತಕ್ಕುದಲ್ಲ.

ಮುದ್ರಿತ ಅಕ್ಷರಗಳ ಸಂಗತಿ ಇಷ್ಟು ಸುಲಭವಲ್ಲ. ಒಂದೆರಡು ಗೆರೆಗಳು, ಒಂದು ಅಂಕಿಯ ಕಾಲು ಮಾತ್ರ ಹೋಗಿದ್ದರೆ ಕೈಯಿಂದಲೇ ತಿದ್ದಬಹುದು. ಇದಕ್ಕೆ ಕುಂಚಕ್ಕಿಂತ ಹಿಂದಿನ ಕಾಲದ ನಕ್ಷೆಗಾರರು ಬಳಸುತ್ತಿದ್ದ, ಎರಡು ಉಕ್ಕಿನ ದವಡೆಗಳ ರೂಲಿಂಗ್ ಪೆನ್ನು ಉತ್ತಮ. ತೆಳುವಾಗಿಸಿದ ಎನಾಮೆಲನ್ನು ಅದರಲ್ಲಿ ತುಂಬಿ, ತಿರುಪನ್ನು ಬಿಗಿಮಾಡಿ ಬೇಕಾದಷ್ಟೇ ಸಣ್ಣ ಗೆರೆಯನ್ನು ಎಳೆಯಬಹುದು. ಸಿವಿಲ್ ಡ್ರಾಫ್ಟ್ಸ್‌ಮನ್ನರಾಗಿ ಮುಂಬಯಿಗೆ ಬಂದ ನಮ್ಮ ಹಿರಿಯರ ಪೆಟ್ಟಿಗೆಗಳಲ್ಲಿ ಈ ಪೆನ್ನು ಇನ್ನೂ ಇದ್ದೀತು, ಹುಡುಕಿ ನೋಡಿ. ಒಂದು ಪದವೇ ಹೋಗಿದ್ದರೆ ಉಜ್ಜಿ ವರ್ಗಾಯಿಸುವ ಅಕ್ಷರಹಾಳೆಗಳು ಉಪಯುಕ್ತ. 1961ರಲ್ಲಿ ಲೆಟ್ರಾಸೆಟ್ ಕಂಪನಿ ತಂದ ಈ ಹಾಳೆಗಳು ಕಂಪ್ಯೂಟರ್ ಬರುವವರೆಗೆ ಜಾಹೀರಾತಿನವರ, ನಕ್ಷೆಗಾರರ ಮೇಜಿನ ಮೇಲಿದ್ದವು. ಇಂದು ಹಳೆಯ ದಾಸ್ತಾನಿನಲ್ಲಿ ಸಿಕ್ಕರೆ ಪುಣ್ಯ. ನಾವು ಕೊಟ್ಟ ವಿನ್ಯಾಸದಂತೆ ಇಂತಹ ಹಾಳೆಯನ್ನು ಮಾಡಿಕೊಡುವವರೂ ಇದ್ದಾರೆ. ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ಸ್ಟಿಕರುಗಳನ್ನು ಮನೆಯ ಪ್ರಿಂಟರಿನಲ್ಲೇ ಮುದ್ರಿಸಿಕೊಳ್ಳಬಹುದಾದರೂ ಅದಕ್ಕೊಂದು ಮಿತಿಯಿದೆ: ಬೆಳ್ಳಿ ಫಲಕದ ಮೇಲೆ ಕಪ್ಪು ಅಕ್ಷರವಾದರೆ ಸರಿ, ಕಪ್ಪು ಫಲಕದ ಮೇಲೆ ಬಿಳಿ ಅಕ್ಷರ ಬೇಕೆಂದರೆ ಆಗದು. ಮನೆಯ ಪ್ರಿಂಟರಿನಲ್ಲಿ ಬಿಳಿ ಮಸಿ ಎಂಬುದೇ ಇಲ್ಲ. ಅದು ಕಾಗದದ ಬಿಳುಪನ್ನೇ ಬಿಳಿಯೆಂದು ತೋರಿಸುತ್ತದೆ.

ಅಕ್ಷರದ ಮೋಡಿಯನ್ನು ಹೊಂದಿಸುವುದೇ ದೊಡ್ಡ ಪರೀಕ್ಷೆ. ಆ ಕಾಲದ ಫಲಕಗಳಲ್ಲಿ ಮೈಕ್ರೊಗ್ರಾಮಾ (1952), ಹೆಲ್ವೆಟಿಕಾ (1957), ಯುರೊಸ್ಟೈಲ್ (1962) ಇವೇ ಮೊದಲಾದ ವಿನ್ಯಾಸಗಳೂ ಅವುಗಳ ನೆಂಟರೂ ಕಾಣಸಿಗುತ್ತವೆ. ಕಂಪ್ಯೂಟರಿನಲ್ಲಿ ಅದೇ ಹೆಸರಿನ ಅಕ್ಷರ ಸಿಕ್ಕಿತೆಂದು ನಂಬಿ ಮುಂದುವರಿದರೆ ಮೋಸಹೋಗುತ್ತೇವೆ, ಏಕೆಂದರೆ ಕಾರ್ಖಾನೆಯ ನಕ್ಷೆಗಾರರು ಅವನ್ನು ತಮಗೆ ಬೇಕಾದಂತೆ ಅಗಲಿಸಿಯೋ ತೆಳುವಾಗಿಸಿಯೋ ಬಳಸಿದ್ದಾರೆ. ಸ್ಕ್ಯಾನ್ ಮಾಡಿದ ಚಿತ್ರದ ಮೇಲೆಯೇ ಇಂಕ್‌ಸ್ಕೇಪ್‌ನಂತಹ ಉಚಿತ ತಂತ್ರಾಂಶದಲ್ಲಿ ಗೆರೆ ಎಳೆದು ಅಕ್ಷರಗಳನ್ನು ಹೊಸದಾಗಿ ರಚಿಸುವುದು ನಂಬಿಕೆಯ ದಾರಿ. ಎರಡು ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ಕಾಲು ಮಿಲಿಮೀಟರಿನ ವ್ಯತ್ಯಾಸವೂ ಕಣ್ಣಿಗೆ ಚುಚ್ಚುತ್ತದೆ.

ಫಲಕ ಪೂರ್ತಿ ಬೋಳಾಗಿದ್ದರೆ ಮತ್ತೆ ಸ್ಕ್ರೀನ್ ಪ್ರಿಂಟಿಂಗಿಗೇ ಹೋಗಬೇಕು. ಲಗ್ನಪತ್ರಿಕೆಯವರು ಮಾಡಬಲ್ಲರು, ಆದರೆ ಎರಡು ಮಾತುಗಳನ್ನು ಅವರಿಗೆ ಸ್ಪಷ್ಟಪಡಿಸಬೇಕು. ಕಾಗದಕ್ಕೆ ಬಳಸುವ ಒರಟು ಜಾಲರಿ ಇಲ್ಲಿ ಸಲ್ಲದು, ಸೆಂಟಿಮೀಟರಿಗೆ ಸುಮಾರು 120 ಎಳೆಗಳ ನಯವಾದ ಜಾಲರಿ ಬೇಕು. ಮಸಿಯೂ ಕಾಗದದ್ದಲ್ಲ, ಲೋಹಕ್ಕೆ ಹಿಡಿಯುವ, ಎರಡು ದ್ರವಗಳನ್ನು ಬೆರೆಸಿ ಬಳಸುವ ಎಪಾಕ್ಸಿ ಮಸಿ ಬೇಕು. ಫಲಕವನ್ನು ಅಲುಗದಂತೆ ಹಿಡಿಯುವ ಚೌಕಟ್ಟನ್ನು ಮೊದಲೇ ಮಾಡಿಟ್ಟು, ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ ಸ್ಥಾನ ಸರಿಯಿದೆಯೆಂದು ಖಾತ್ರಿಪಡಿಸಿಕೊಂಡ ಅನಂತರವೇ ಲೋಹಕ್ಕೆ ಇಳಿಯಬೇಕು.

ಇತ್ತೀಚೆಗೆ ಫಲಕ-ನಾಮಪಟ್ಟಿ ಮಾಡುವ ಅಂಗಡಿಗಳಲ್ಲಿ ಯುವಿ ಪ್ರಿಂಟಿಂಗ್, ಲೇಸರ್ ಯಂತ್ರಗಳು ಬಂದಿರುವುದರಿಂದ ಅನೇಕರು ಅತ್ತ ಒಲಿಯುತ್ತಿದ್ದಾರೆ. ಯುವಿ ಯಂತ್ರದಲ್ಲಿ ಬಿಳಿ ಮಸಿಯೂ ಉಂಟು, ಲೋಹದ ಮೇಲೆ ನೇರವಾಗಿ ಮುದ್ರಿಸುತ್ತದೆ, ಒಂದೇ ಪ್ರತಿ ಬೇಕಾದರೂ ದುಬಾರಿಯಾಗದು. ಆದರೆ ಮಸಿ ಹನಿಹನಿಯಾಗಿ ಬೀಳುವುದರಿಂದ ಸಣ್ಣ ಅಕ್ಷರದ ಅಂಚು ಭೂತಗನ್ನಡಿಯಲ್ಲಿ ಗರಗಸದಂತೆ ಕಾಣುತ್ತದೆ. ಮೂರು ಅಡಿ ದೂರದಿಂದ ನೋಡುವವರಿಗೆ ಅದು ದೋಷವಲ್ಲವೆಂದು ನಾವು ಒಪ್ಪುತ್ತೇವೆ. ಲೇಸರಿನ ವಿಷಯದಲ್ಲಿ ಮಾತ್ರ ನಮ್ಮದು ಭಿನ್ನಮತ. ಕಪ್ಪು ಅನೊಡೈಸ್ ಫಲಕದಲ್ಲಿ ಅದು ಬಣ್ಣವನ್ನು ಸುಟ್ಟು ತೆಗೆದು ಬೂದುಬಿಳಿ ಅಕ್ಷರವನ್ನು ಮೂಡಿಸುತ್ತದೆ. ಎಂದಿಗೂ ಸವೆಯದೆಂಬುದು ಅದರ ಗುಣ. ತಪ್ಪಾದರೆ ಎಂದಿಗೂ ಅಳಿಸಲಾಗದೆಂಬುದು ಅದರ ಅವಗುಣ. ಮಸಿಯನ್ನು ನಾಳೆ ಯಾರಾದರೂ ನಮಗಿಂತ ಬಲ್ಲವರು ಒರೆಸಿ ಸರಿಪಡಿಸಬಹುದು. ಹಳೆಯ ವಸ್ತುವಿನ ಮೇಲೆ ಅಂತಹ ಅವಕಾಶವನ್ನು ಮುಚ್ಚಿಬಿಡುವ ಹಕ್ಕು ನಮಗಿಲ್ಲವೆಂದು ತೋರುತ್ತದೆ.

ಈಗ ಗಾಜಿನ ಕಥೆ. ಮೈಸೂರು, ತಂಜಾವೂರುಗಳಲ್ಲಿ ಗಾಜಿನ ಹಿಂಬದಿಯಲ್ಲಿ ಚಿತ್ರ ಬರೆಯುವ ಕಲೆಯೊಂದಿತ್ತು. ಕೃಷ್ಣನ ಕಣ್ಣು, ಆಭರಣದ ಚುಕ್ಕೆ ಮೊದಲಾದ ಕೊನೆಯ ವಿವರಗಳನ್ನು ಮೊದಲು ಬರೆದು, ಮೈಬಣ್ಣವನ್ನು ಅದರ ಮೇಲೆ ತುಂಬಿ, ಹಿನ್ನೆಲೆಯನ್ನು ಕಟ್ಟಕಡೆಗೆ ಬಳಿಯುತ್ತಿದ್ದರು. ಎಡ ಬಲಗಳೂ ಅದಲುಬದಲು. ರೇಡಿಯೊ ಡಯಲಿನ ಮುದ್ರಣದ ಕ್ರಮವೂ ಅದೇ: ಮೊದಲು ಅಕ್ಷರ, ಅದರ ಹಿಂದೆ ಹಿನ್ನೆಲೆಯ ಬಣ್ಣ, ಎಲ್ಲವೂ ಕನ್ನಡಿಬಿಂಬದಂತೆ ತಿರುಗಿ. ಬೆರಳು ಮುಟ್ಟದ ಕಡೆ ಮುದ್ರಿಸಿದ್ದರಿಂದ ಸವೆಯುವ ಭಯವಿರಲಿಲ್ಲ. ಆದರೆ ವಾಲ್ವುಗಳ ಹಾಗೂ ಡಯಲ್ ದೀಪದ ಬಿಸಿಗೆ ಮಸಿ ವರ್ಷಗಳು ಕಳೆದಂತೆ ಒಣಗಿ ಗಾಜನ್ನು ಬಿಡುತ್ತದೆ. ಕಣ್ಣಿಗೆ ಗಟ್ಟಿಯಾಗಿ ಕಂಡರೂ ಅದು ಒಂದು ಒದ್ದೆ ಬಟ್ಟೆಗೆ ಕಾದಿರುತ್ತದೆ. ಹಿಂಬದಿಯನ್ನು ನೀರಿನಿಂದಾಗಲಿ ಬೇರೆ ಯಾವ ದ್ರವದಿಂದಾಗಲಿ ಒರೆಸಬಾರದು, ಧೂಳಿದ್ದರೆ ಒಂಟೆಕೂದಲಿನ ಒಣ ಕುಂಚವನ್ನು ಮುಟ್ಟಿಸಿದ ಹಾಗೆ ಆಡಿಸಬೇಕು, ಸಿಪ್ಪೆ ಏಳುತ್ತಿದ್ದರೆ ಅದನ್ನೂ ಮಾಡಬಾರದು. ಏಳುತ್ತಿರುವ ಸಿಪ್ಪೆಯನ್ನು ಹಿಡಿದು ನಿಲ್ಲಿಸಲು ಪಾರದರ್ಶಕ ಅಕ್ರಿಲಿಕ್ ಸ್ಪ್ರೇಯನ್ನು ದೂರದಿಂದ ಮಂಜಿನಂತೆ ಹಲವು ಬಾರಿ ಹಾಯಿಸಬಹುದು. ಸ್ಪ್ರೇಯಲ್ಲಿನ ದ್ರಾವಕ ಮಸಿಯನ್ನೇ ಕರಗಿಸದೆಂದು ಮೂಲೆಯಲ್ಲಿ ಮೊದಲು ಪರೀಕ್ಷಿಸಿಕೊಳ್ಳಬೇಕು.

ನಮ್ಮ ದೊಡ್ಡಪ್ಪನವರ ರೇಡಿಯೊಗೆ ಹಿಡಿದು ನಿಲ್ಲಿಸಲು ಏನೂ ಉಳಿದಿರಲಿಲ್ಲವಾದ್ದರಿಂದ ಹೊಸ ಮುದ್ರಣವೇ ಗತಿಯಾಯಿತು. ಬೇರೆ ಮಾದರಿಯ ಡಯಲಿನ ಅಂಕಿಗಳನ್ನು ನಕಲು ಮಾಡುವಂತಿಲ್ಲ. ನಿಲಯ ಹುಡುಕುವ ಗ್ಯಾಂಗ್ ಕಂಡೆನ್ಸರಿನ ಬಿಲ್ಲೆಗಳ ಆಕಾರಕ್ಕೆ ತಕ್ಕಂತೆ ಗೆರೆಗಳ ನಡುವಿನ ಅಂತರ ಒಂದು ಕಡೆ ಒತ್ತಾಗಿಯೂ ಇನ್ನೊಂದು ಕಡೆ ವಿರಳವಾಗಿಯೂ ಇರುತ್ತದೆ. ಅದು ಆಯಾ ಮಾದರಿಗೆ ಸೀಮಿತ. ಪುಣೆಯ ಸಂಗ್ರಾಹಕರೊಬ್ಬರು ಅದೇ ಮಾದರಿಯ ಗಾಜಿನ ಸ್ಕ್ಯಾನ್ ಪ್ರತಿಯನ್ನು ಕಳುಹಿಸಿ ಉಪಕರಿಸಿದರು. ಅದರಿಂದ ನಕ್ಷೆ ಬರೆದು, ಟ್ರೇಸಿಂಗ್ ಹಾಳೆಯ ಮೇಲೆ ಮುದ್ರಿಸಿ ಗಾಜಿನ ಹಿಂದೆ ಇಟ್ಟು ನೋಡಿದೆವು. ಸರಿಯೆಂದು ತಿಳಿಯುವುದು ಹೇಗೆ?

ಆಗ ನೆರವಿಗೆ ಬಂದದ್ದು ದೊಡ್ಡಪ್ಪನವರ ಕಾಗದದ ಪಟ್ಟಿ. ಹಳೆಯ ಡಯಲುಗಳಲ್ಲಿ ಮಧ್ಯಮ ತರಂಗವನ್ನು ಮೀಟರುಗಳಲ್ಲಿ ಗುರುತಿಸುತ್ತಿದ್ದರು. ಕಿಲೋಹರ್ಟ್ಸ್ ಸಂಖ್ಯೆಯಿಂದ 3,00,000ವನ್ನು ಭಾಗಿಸಿದರೆ ಮೀಟರ್ ದೊರೆಯುತ್ತದೆ. ಆಕಾಶವಾಣಿ ಧಾರವಾಡದ 765 ಕಿಲೋಹರ್ಟ್ಸ್ ಎಂದರೆ 392 ಮೀಟರ್. ಮುಂಬಯಿಯ 1044 ಎಂದರೆ 287 ಮೀಟರ್. ಟ್ರೇಸಿಂಗ್ ಹಾಳೆಯನ್ನು ಸ್ವಲ್ಪ ಬಲಕ್ಕೆ ಸರಿಸಿದಾಗ 287 ಮೀಟರು ‘ಮುಂ’ ಗೆರೆಯ ನೇರಕ್ಕೂ, 392 ಮೀಟರು ‘ಧಾ’ ಗೆರೆಯ ನೇರಕ್ಕೂ ಒಟ್ಟಿಗೆ ಬಂದು ಕುಳಿತವು. ಕಿವಿಯಿಂದ ಹುಡುಕಿ ಎಳೆದ ಪೆನ್ಸಿಲ್ ಗೆರೆ ಕಾರ್ಖಾನೆಯ ನಕ್ಷೆಗಿಂತ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆದರೆ ಮೂಲ ಡಯಲಿನಲ್ಲಿ ಊರುಗಳ ಹೆಸರು ಬರೆದ ಜಾಗಗಳು ಆ ಗೆರೆಗಳೊಂದಿಗೆ ಹೊಂದುತ್ತಿರಲಿಲ್ಲ. ಇದಕ್ಕೆ ಕಾರಣವಿದೆ. 1975ರಲ್ಲಿ ಜಿನೀವಾದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ 1978ರ ನವೆಂಬರ್ 23ರಿಂದ ಏಷ್ಯಾ, ಯುರೋಪ್, ಆಫ್ರಿಕಾಗಳ ಮಧ್ಯಮ ತರಂಗದ ನಿಲಯಗಳು 9 ಕಿಲೋಹರ್ಟ್ಸ್ ಅಂತರದ ಹೊಸ ಮನೆಗಳಿಗೆ ಸರಿಯಬೇಕಾಯಿತು. ಅದಕ್ಕೇ 765 ಹಾಗೂ 1044 ಎರಡೂ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುತ್ತವೆ. ಅದಕ್ಕೆ ಹಿಂದೆ ಮುದ್ರಿಸಿದ ಡಯಲುಗಳಲ್ಲಿನ ಊರುಗಳ ಸ್ಥಾನ ಆ ಹಳೆಯ ಕಾಲದ ಭೂಪಟ. ಇದನ್ನು ‘ಸರಿಪಡಿಸ’ಬೇಕೆಂದು ನಮ್ಮ ಮಿತ್ರರೊಬ್ಬರು ವಾದಿಸಿದರು. ಬಾಂಬೇ ಎಂಬುದನ್ನು ಮುಂಬಯಿ ಎಂದೂ, ಮದ್ರಾಸ್ ಎಂಬುದನ್ನು ಚೆನ್ನೈ ಎಂದೂ ಬದಲಿಸಿಬಿಡಿ ಎಂದು ಇನ್ನೊಬ್ಬರ ಸಲಹೆ. ಕನ್ನಡಿಗರ ಬಾಯಲ್ಲಿ ಅದು ಎಂದೂ ಮುಂಬಯಿಯೇ ಆಗಿತ್ತೆಂಬುದು ಸತ್ಯ. ಆದರೆ ಸರಕಾರಿ ಹೆಸರು ಬದಲಾದದ್ದು 1995ರಲ್ಲಿ, ಮದ್ರಾಸ್ ಚೆನ್ನೈ ಆದದ್ದು 1996ರಲ್ಲಿ. ಅದಕ್ಕೆ ದಶಕಗಳ ಮೊದಲು ಹುಟ್ಟಿದ ಪೆಟ್ಟಿಗೆಯ ಮುಖದ ಮೇಲೆ ಹೊಸ ಹೆಸರು ಬರೆದರೆ ಅದು ಸುಳ್ಳು ದಾಖಲೆಯಾಗುತ್ತದೆ. ಇದ್ದುದನ್ನು ಇದ್ದಂತೆಯೇ ಬರೆಸಿದೆವು.

ಮುದ್ರಣದ ದಿನ ಒಂದು ಪ್ರಹಸನವೂ ನಡೆಯಿತು. ಲಗ್ನಪತ್ರಿಕೆ ಮುದ್ರಿಸುವ ಪರಿಚಿತರು ಗಾಜನ್ನು ಹಿಡಿದುಕೊಂಡು ಹೊರಬಂದಾಗ ಅಕ್ಷರಗಳು ಹಿಂಬದಿಯಿಂದ ನೇರವಾಗಿ, ಮುಂಬದಿಯಿಂದ ತಲೆಕೆಳಗಾದ ಉರ್ದುವಿನಂತೆ ಬಲದಿಂದ ಎಡಕ್ಕೆ ಓಡುತ್ತಿದ್ದವು. ಬಿಂಬವನ್ನು ತಿರುಗಿಸಬೇಕೆಂದು ನಾವು ಹೇಳಿರಲೇ ಇಲ್ಲ. ಮಸಿ ಇನ್ನೂ ಹಸಿಯಿದ್ದುದರಿಂದ ಒರೆಸಿ, ಫಿಲ್ಮನ್ನು ಮಗುಚಿ ಹೊಸ ಪರದೆ ಮಾಡಿ ಮರುದಿನ ಮತ್ತೆ ಮುದ್ರಿಸಲಾಯಿತು. ಮೊದಲು ತಿಳಿಹಳದಿ ಅಕ್ಷರಗಳು. ಅದು ಪೂರ್ತಿ ಒಣಗಿದ ಮೇಲೆ ಹಿಂದೆ ಕಂದು ಬಣ್ಣ.

ಉಳಿದದ್ದು ಕಾಗದದ ಪಟ್ಟಿಯ ಪ್ರಶ್ನೆ. ಅದು ಗಾಜಿನ ಮುಂಬದಿಯಲ್ಲಿದೆ, ಮುದ್ರಣ ಹಿಂಬದಿಯಲ್ಲಿ, ಎರಡಕ್ಕೂ ಜಗಳವಿಲ್ಲ. ಆದರೆ ಪಟ್ಟಿ ಇದ್ದರೆ ಕೆಳಸಾಲಿನ ಶಾರ್ಟ್ ವೇವ್ ಅಂಕಿಗಳು ಮುಚ್ಚಿಹೋಗುತ್ತವೆ. ತೆಗೆದರೆ ಡಯಲ್ ಅಂಗಡಿಯಿಂದ ಬಂದ ದಿನದಂತೆ ಕಾಣುತ್ತದೆ. ನಿಯಮದ ಪ್ರಕಾರ ತೆಗೆಯಬೇಕೆಂದು ಪುಣೆಯ ಸಂಗ್ರಾಹಕರ ಅಭಿಪ್ರಾಯ; ಅಂಟು ಗಾಜಿಗೂ ಹಿತವಲ್ಲವೆಂಬ ಅವರ ಮಾತಿನಲ್ಲಿ ತಥ್ಯವಿದೆ. ಮುದ್ರಣದ ಕೆಲಸದಲ್ಲಿ ನೀರು ತಗುಲದಿರಲೆಂದು ಪಟ್ಟಿಯ ಮೇಲೆ ಮಾಸ್ಕಿಂಗ್ ಟೇಪನ್ನು ಅಂಟಿಸದೆ, ಪ್ಲಾಸ್ಟಿಕ್ ಹಾಳೆಯನ್ನು ಮಡಚಿ ಸುತ್ತಿ ಕಾಪಾಡಿಕೊಂಡಿದ್ದೆವು. ಅದನ್ನು ತೆಗೆಯಲಿಲ್ಲ. ಕೆಳಸಾಲಿನ 25 ಮತ್ತು 41 ಮೀಟರಿನ ಅಂಕಿಗಳು ಈಗಲೂ ಅದರ ಹಿಂದೆ ಇವೆ, ಕಾಣುವುದಿಲ್ಲ.

ಪೆಟ್ಟಿಗೆಯ ಹಿಂಬದಿಯ ರಟ್ಟಿನ ಒಳಮೈಗೆ ಒಂದು ಚೀಟಿಯನ್ನು ಅಂಟಿಸಿದ್ದೇವೆ. ಗಾಜಿನ ಮುದ್ರಣ ಹೊಸದು, ಯಾವ ಪ್ರತಿಯಿಂದ ಮಾಡಿದ್ದು, ಯಾವ ಮಸಿ, ಯಾವ ತಿಂಗಳು, ಪಟ್ಟಿಯ ಮೇಲಿನ ಬರಹ ಯಾರದು ಎಂಬುದನ್ನು ಅದರಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿದೆ. ಚೋರ್ ಬಜಾರಿನಲ್ಲಾಗಲಿ ಬೇರೆಲ್ಲಾಗಲಿ ಹಳೆಯ ಸೆಟ್ಟನ್ನು ಕೊಳ್ಳುವವರು ಹಿಂಬದಿಯ ರಟ್ಟನ್ನು ತೆರೆಸಿ ಇಂತಹ ಚೀಟಿಗಾಗಿ ನೋಡುವುದು ಒಳ್ಳೆಯದು. ಮುಖ ಹೊಳೆಯುತ್ತಿದ್ದು ಚೀಟಿ ಇಲ್ಲದಿದ್ದರೆ ಬೆಲೆ ಕೇಳುವ ಮುನ್ನ ಉಗುರಿನ ತುದಿಯಿಂದ ಅಕ್ಷರವನ್ನು ಮುಟ್ಟಿ ನೋಡಿ. ನಮ್ಮ ಚೀಟಿಯ ಕೊನೆಯ ಸಾಲಿನಲ್ಲಿ, ಮುಂದೆ ಈ ಪೆಟ್ಟಿಗೆ ಯಾರ ಕೈಸೇರುತ್ತದೋ ಅವರಿಗೆಂದು ದಪ್ಪ ಅಕ್ಷರಗಳಲ್ಲಿ ಇಷ್ಟು ಬರೆದಿದ್ದೇವೆ: ಗಾಜಿನ ಹಿಂಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ.